ಆರಾಳುದ್ದದ ಗಾಳಿ

ಕೆಲವರ ಹಿಂದೆ ನೆಂಟರು ಬರುತ್ತಾರೆ, ಕೆಲವರ ಹಿಂದೆ ಬೀದಿನಾಯಿ ಬರುತ್ತದೆ. ನಮ್ಮ ಡಾಕ್ಟರ ಹಿಂದೆ ಮಾತ್ರ ಯಾವಾಗಲೂ ಒಂದು ನಗೆಪ್ರಸಂಗ ಬರುತ್ತಿತ್ತು. ಅವರು ತಿರುಗಿ ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಹಿಂದೂಪುರದಲ್ಲಿ ಅವರದೊಂದು ಪುಟ್ಟ ನರ್ಸಿಂಗ್ ಹೋಮ್. ಕಲ್ಲುಚಪ್ಪಡಿಯ ಮಾಳಿಗೆ ಮನೆ, ಹಿತ್ತಿಲಲ್ಲಿ ಬೇವಿನ ಮರ, ಮರದ ಕೆಳಗೊಂದು ತಗಡಿನ ಶೆಡ್ಡು. ಅಲ್ಲಿಗೆ ನಾನೊಬ್ಬಳೇ ನರ್ಸು. ಆ ಮಧ್ಯಾಹ್ನಗಳನ್ನು ಈಗ ನೆನೆದರೆ, ಅವೆಲ್ಲ ನಿಜವಾಗಿ ನಡೆದವೋ ಅಥವಾ ಬೇವಿನ ನೆರಳಲ್ಲಿ ತೂಕಡಿಸುತ್ತ ನಾನು ಕಂಡ ಕನಸೋ ಎಂದು ಅನುಮಾನ ಬರುತ್ತದೆ. ಆದರೆ ಕನಸಿನಲ್ಲಿ ಮೇಕೆ ಅಷ್ಟೊಂದು ನಾರುವುದಿಲ್ಲ. ಹಾಗಾಗಿ ನಡೆದದ್ದೇ ಇರಬೇಕು.

೧. ಅಜ್ಜಿಯ ಬೆನ್ನು

ಡಾಕ್ಟರು ಒಮ್ಮೆ ವೈದ್ಯರ ಸಭೆಗೆಂದು ಬೊಂಬಾಯಿಗೆ ಹೋಗಿ ಬಂದರು. ಹೋಗುವಾಗ ಸರಿಯಾಗಿಯೇ ಇದ್ದರು. ಅಲ್ಲಿ ಯಾರೋ ಅವರಿಗೆ ಒಂದು ಕಬ್ಬಿಣದ ಕೋಣೆ ತೋರಿಸಿದ್ದರಂತೆ. ಸಮುದ್ರದಲ್ಲಿ ಮುಳುಗಿ ಏಳುವವರಿಗೆ ತೊಂದರೆಯಾದರೆ ಅದರೊಳಗೆ ಮಲಗಿಸಿ, ಬಾಗಿಲು ಹಾಕಿ, ಗಾಳಿಯ ಒತ್ತಡ ಏರಿಸುತ್ತಾರಂತೆ. ಆ ಒತ್ತಡದಲ್ಲಿ ಆಕ್ಸಿಜನ್ ಉಸಿರಾಡಿದರೆ ಮಾಯದ ಗಾಯವೂ ಮಾಯುತ್ತದೆ ಎಂದು ಪರದೇಶದ ಡಾಕ್ಟರುಗಳು ಹೇಳಲು ಶುರು ಮಾಡಿದ್ದಾರಂತೆ. ನಮ್ಮವರು ವಾಪಸ್ಸು ಬಂದ ಮೇಲೆ ಕಾಯಿಲೆಯವರನ್ನು "ಎಲ್ಲಿ ನೋವು?" ಎಂದು ಕೇಳುವುದನ್ನೇ ಬಿಟ್ಟರು. "ನಿನ್ನ ಮೇಲೆ ಎಷ್ಟು ಗಾಳಿ ಕೂತಿದೆ ಗೊತ್ತಾ?" ಎಂದು ಕೇಳುತ್ತಿದ್ದರು.

ವಾರಕ್ಕೊಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗಿ ಅಲ್ಲಿನ ರೋಗಿಗಳನ್ನು ನೋಡಿ ಬರುತ್ತಿದ್ದೆವು. ಅಲ್ಲಿ ನಾವು ಕೂರುತ್ತಿದ್ದ ಕೋಣೆಯ ಗೋಡೆಯ ಮೇಲೆ ಡಾಕ್ಟರು ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದರು. ಒಂದನೇ ಮಟ್ಟ ಅಂದರೆ ನಾವು ನಿಂತಿರುವ ಜಾಗ, ನಮ್ಮ ಮೇಲೆ ಬರಿಯ ಗಾಳಿ. ಎರಡನೇ ಮಟ್ಟ ಅಂದರೆ ಆರಾಳುದ್ದ ನೀರಿರುವ ಬಾವಿಯ ತಳದಲ್ಲಿ ಮಲಗಿದ ಹಾಗೆ. ಮೂರನೇದು ಅಂಥ ಎರಡು ಬಾವಿ ಒಂದರ ಮೇಲೊಂದು. "ಹುಣ್ಣಿಗೆ ಎರಡು ಸಾಕು. ಮೂರು ಬೇಕಾಗೋದು ಸಮುದ್ರದಲ್ಲಿ ಮುಳುಗೋರಿಗೆ," ಎಂದು ಎಲ್ಲರಿಗೂ ಹೇಳುತ್ತಿದ್ದರು.

ಸೊಂಟ ಬಗ್ಗಿದ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. ಡಾಕ್ಟರು ಹೇಳಿದರು: "ಅಜ್ಜೀ, ನಿನ್ನ ಮೈಮೇಲೆ ಹಗಲೂ ರಾತ್ರಿ ಒಂದು ಲಾರಿ ಕಡ್ಲೆಕಾಯಿ ಮೂಟೆಯಷ್ಟು ಗಾಳಿ ಕೂತಿದೆ."

ಅಜ್ಜಿ ಮೇಲೆ ನೋಡಿದಳು. ಸೂರು ಕಂಡಿತು. "ಯಾವಾಗಿಂದ?" ಎಂದಳು.

"ಹುಟ್ಟಿದಾಗಿಂದ."

"ಅಂಗಾರೆ ಅದಕ್ಕೇ ಕಣಪ್ಪ ನನ್ ಬೆನ್ನು ಇಂಗಾಗಿರಾದು!" ಎಂದು ಅಜ್ಜಿ ಔಷಧಿಯನ್ನೂ ಕೇಳದೆ ಎದ್ದು ಹೊರಟಳು. ಗಾಳಿ ಒಳಗಿನಿಂದಲೂ ಒತ್ತುತ್ತದೆ, ಹಾಗಾಗಿ ನಮಗೇನೂ ಆಗುವುದಿಲ್ಲ ಎಂದು ಡಾಕ್ಟರು ಹಿಂದಿನಿಂದ ಕೂಗಿ ಹೇಳಿದ್ದು ಅವಳಿಗೆ ಬೇಕಾಗಿರಲಿಲ್ಲ.

ಮುಂದಿನ ವಾರ ಅಜ್ಜಿ ಬರಲಿಲ್ಲ. ಅವಳ ಸೊಸೆ ಬಂದಳು, ಮಡಿಲ ತುಂಬ ಬೇಯಿಸಿದ ಕಡ್ಲೆಕಾಯಿ ಕಟ್ಟಿಕೊಂಡು. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಡಾಕ್ಟರಿಗೆ ಕೈಮುಗಿದಳು. "ನಾನು ನೀರು ಹೊರ್ಸಿ ಹೊರ್ಸಿ ಸೊಂಟ ಮುರ್ದೆ ಅಂತ ನಮ್ಮತ್ತೆ ದಿನಾ ಬೈತಿದ್ಲು. ಈಗ ಒಂದು ವಾರದಿಂದ ನನ್ನ ಬುಟ್ಟು ಗಾಳೀನ ಬೈತಾವ್ಳೆ. ದೇವ್ರು ನಿಮ್ಮನ್ನ ತಣ್ಣಗಿಟ್ಟಿರ್ಲಿ ಸ್ವಾಮಿ."

೨. ದಿಂಬಿನ ಮೇಲಿನ ಕಾಲು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಸರ್ವೀಸ್ ಬಸ್ಸಿನ ಡ್ರೈವರ್‌ನ ಎಡಗಾಲಿನ ಅಂಗಾಲಲ್ಲಿ ಒಂದು ಹುಣ್ಣಾಗಿತ್ತು. ಸಕ್ಕರೆ ಕಾಯಿಲೆಯ ಹುಣ್ಣು. ಎಷ್ಟು ಕಟ್ಟಿದರೂ, ಏನು ಹಚ್ಚಿದರೂ ಮಾಯಲಿಲ್ಲ. ಅನಂತಪುರದಲ್ಲಿ ಒಬ್ಬ ದೊಡ್ಡ ಸರ್ಜನ್ ನೋಡಿ, ಯುಗಾದಿಯೊಳಗೆ ಗಾಯ ಕೂಡದಿದ್ದರೆ ಪಾದ ತೆಗೆಯಬೇಕು ಎಂದುಬಿಟ್ಟರು.

ಅವನು ನಮ್ಮ ಜಗಲಿಯ ಮೇಲೆ ಕೂತು ತುಂಬ ಹೊತ್ತು ಪಾದವನ್ನೇ ನೋಡಿಕೊಂಡ. ಆಮೇಲೆ, "ಕಾಲು ಹೋದ್ರೆ ಹೋಗ್ಲಿ ನರ್ಸಮ್ಮ. ಬಸ್ ಹೋಯ್ತದಲ್ಲ," ಎಂದ. ಆ ದಾರಿಯ ಒಂದೊಂದು ಹುಣಸೆಮರವೂ ಅವನಿಗೆ ಗೊತ್ತು. ಯಾವ ಊರಿನ ಯಾವ ಮುದುಕಿ ಎಲ್ಲಿ ಕೈ ಅಡ್ಡ ಹಾಕುತ್ತಾಳೆಂದೂ ಗೊತ್ತು. ಬಸ್ಸು ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ.

ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: "ಪಾದದ ಮೇಲೆ ಭಾರ ಬಿಡಕೂಡದು. ಮಲಗು. ಕಾಲು ದಿಂಬಿನ ಮೇಲಿಡು. ಬಸ್ಸು ಮರೆತುಬಿಡು." ಅವನು ಆಗಲಿ ಎಂದು ತಲೆಯಾಡಿಸಿದ.

ಆ ವಾರ ನಾವು ಕಲ್ಯಾಣದುರ್ಗಕ್ಕೆ ಹೊರಟಾಗ ಬಸ್ಸು ಕಿಕ್ಕಿರಿದಿತ್ತು. ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಡಾಕ್ಟರು ಕಣ್ಣು ಮುಚ್ಚಿದರು. ಪೆನುಕೊಂಡೆಯ ಬೆಟ್ಟ ಹತ್ತಿರ ಬಂದಾಗ ಅರೆನಿದ್ದೆಯಲ್ಲೇ, "ಆಹಾ, ಎಷ್ಟು ನಯವಾಗಿ ಗೇರ್ ಹಾಕ್ತಾನೆ ನೋಡಮ್ಮ. ತೊಟ್ಟಿಲು ತೂಗಿದ ಹಾಗೆ," ಎಂದರು. ಮರುಕ್ಷಣ ಕಣ್ಣು ಬಿಟ್ಟು ದಡಕ್ಕನೆ ಎದ್ದರು. ಆ ದಾರಿಯಲ್ಲಿ ಹಾಗೆ ಗೇರ್ ಹಾಕುವವನು ಒಬ್ಬನೇ.

ಜನರನ್ನು ಸರಿಸಿಕೊಂಡು ಮುಂದೆ ಹೋದೆವು. ಅವನೇ! ಬಿಳಿ ಬ್ಯಾಂಡೇಜು ಕಟ್ಟಿದ ಕಾಲು ಕ್ಲಚ್ಚಿನ ಮೇಲಿತ್ತು.

"ಏನಯ್ಯಾ ಇದು? ಕಾಲು ದಿಂಬಿನ ಮೇಲಿಡು ಅಂತ ನಾನು ಹೇಳಿರಲಿಲ್ಲವಾ?"

ಅವನು ರಸ್ತೆಯಿಂದ ಕಣ್ಣು ತೆಗೆಯದೆ ವಿನಯದಿಂದ, "ಇಟ್ಟೀನಿ ಸಾರ್. ಬೇಕಾರೆ ಬಗ್ಗಿ ನೋಡಿ," ಎಂದ.

ಬಗ್ಗಿ ನೋಡಿದೆವು. ಕ್ಲಚ್ ಪೆಡಲಿಗೆ ಅಂಗೈಯಗಲದ ಹತ್ತಿಯ ದಿಂಬು ಕಟ್ಟಿತ್ತು. ಹೆಂಡತಿ ಹೊಲಿದುಕೊಟ್ಟಿದ್ದಳು, ಅಂಚಿಗೆ ಹೂವಿನ ಕಸೂತಿ ಬೇರೆ.

೩. ದೊಡ್ಡ ಬಟ್ಟಿ

ಇವನನ್ನು ಮಾತಿನಿಂದ ಮಲಗಿಸುವುದು ಆಗದ ಕೆಲಸ ಎಂದು ಡಾಕ್ಟರಿಗೆ ಗೊತ್ತಾಯಿತು. ಬೊಂಬಾಯಿಯ ಆ ಕಬ್ಬಿಣದ ಕೋಣೆ ಅವರ ಕಣ್ಣ ಮುಂದೆ ತೇಲಾಡತೊಡಗಿತು. "ಇವನನ್ನ ಅಲ್ಲಿಗೆ ಕಳಿಸೋಕಾಗಲ್ಲ. ಕೋಣೇನೇ ಇಲ್ಲಿಗೆ ತರೋಣ," ಎಂದರು. ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡೆ.

ಕಲ್ಯಾಣದುರ್ಗದಲ್ಲಿ ಮುಚ್ಚಿಹೋದ ಒಂದು ಕಡ್ಲೆಕಾಯಿ ಎಣ್ಣೆ ಮಿಲ್ಲಿತ್ತು. ಅದರ ಹಿಂದೆ ಹಳೆಯ ಬಾಯ್ಲರ್ ಬಿದ್ದಿತ್ತು. ಒಳಗಿನ ಕೊಳವೆಗಳನ್ನೆಲ್ಲ ಯಾವತ್ತೋ ಕಿತ್ತಿದ್ದರು. ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದವು. ಡಾಕ್ಟರು ಕೇಳಿದ್ದೇ ತಡ, ಮಿಲ್ಲಿನವರು ಪೀಡೆ ತೊಲಗಿತೆಂದು ತಾವೇ ಲಾರಿಗೆ ಏರಿಸಿಕೊಟ್ಟರು. ಎರಡು ಮೊಟ್ಟೆಯೂ ಜೊತೆಯಲ್ಲೇ ಬಂದವು.

ಆಗ ನಮ್ಮ ಕಡೆ ಪಾನನಿಷೇಧ ಜಾರಿಯಲ್ಲಿತ್ತು. ಬಿಂದಿಗೆಯಷ್ಟು ಸಾರಾಯಿ ಬಟ್ಟಿ ಸಿಕ್ಕರೂ ಪೊಲೀಸರು ಊರೆಲ್ಲ ಮೆರವಣಿಗೆ ಮಾಡುತ್ತಿದ್ದರು. ಸೋಮಂದೇಪಲ್ಲಿಯ ಹತ್ತಿರ ಇಬ್ಬರು ಕಾನ್‌ಸ್ಟೇಬಲ್‌ಗಳು ನಮ್ಮ ಲಾರಿ ನಿಲ್ಲಿಸಿದರು. ಹಿರಿಯವನು ಬಾಯ್ಲರ್‌ನ ಸುತ್ತ ದೇವಸ್ಥಾನಕ್ಕೆ ಬಂದವನಂತೆ ಪ್ರದಕ್ಷಿಣೆ ಬಂದ.

"ಏಮಿ ಸಾರ್ ಇದಿ? ಇಷ್ಟು ದೊಡ್ಡ ಬಟ್ಟಿ ನನ್ ಸರ್ವೀಸ್ನಾಗೇ ನೋಡಿಲ್ಲ!"

"ಬಟ್ಟಿ ಅಲ್ಲಪ್ಪಾ. ಇದು ಔಷಧಕ್ಕೆ."

"ಎಲ್ರೂ ಅಂಗೇ ಹೇಳಾದು ಸಾರ್. ಹೋದ ವಾರ ಸಿಕ್ಕಾಕ್ಕೊಂಡೋನೂ ಔಷಧಕ್ಕೇ ಅಂದ."

"ಅಯ್ಯೋ, ಇದರೊಳಗೆ ಮನುಷ್ಯರನ್ನ ಮಲಗಿಸ್ತೀವಿ."

ಇಬ್ಬರು ಪೊಲೀಸರೂ ಮುಖ ಮುಖ ನೋಡಿಕೊಂಡರು. "ಅಂಗಾರೆ ಮಲಗಿ ತೋರ್ಸಿ," ಎಂದ ಹಿರಿಯವನು.

ಡಾಕ್ಟರು ಕೋಟು ಸಮೇತ ಲಾರಿ ಹತ್ತಿ ಬಾಯ್ಲರ್‌ನೊಳಗೆ ತೂರಿಕೊಂಡರು. ನಾವು ಕೆಳಗೆ ನಿಂತು ಕಾದೆವು. ದೂರದ ಬಾವಿಯಲ್ಲಿ ಯಾರೋ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ಬಿಸಿಲು ಹಳದಿಯಾಗಿ ಕಬ್ಬಿಣದ ಮೇಲೆ ಒರಗಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ. "ಸಾರ್, ಆಯ್ತು, ಬನ್ನಿ," ಎಂದು ಕಾನ್‌ಸ್ಟೇಬಲ್ ಎರಡು ಸಲ ಬಡಿದ. ನಾನು ಹತ್ತಿ ಇಣುಕಿದೆ. ಡಾಕ್ಟರು ಎದೆಯ ಮೇಲೆ ಕೈಯಿಟ್ಟುಕೊಂಡು, ಮಗುವಿನ ಹಾಗೆ ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದರು. ಮುಖದ ಮೇಲೊಂದು ನಗು. ಬೊಂಬಾಯಿಯಿಂದ ಬಂದಾಗಿನಿಂದ ಅವರು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಕಾನ್‌ಸ್ಟೇಬಲ್ ಕೂಡ ಹತ್ತಿ ಬಂದ. ಬಗ್ಗಿ ಡಾಕ್ಟರ ಬಾಯಿಯ ಹತ್ತಿರ ಮೂಗಿಟ್ಟು ಮೂಸಿದ. ಆಮೇಲೆ ತುದಿಗಾಲಲ್ಲಿ ಇಳಿದು ಲಾರಿಯವನಿಗೆ ಪಿಸುಗುಟ್ಟಿದ: "ವಾಸ್ನೆ ಇಲ್ಲ. ಕುಡೀದೆ ಇಂಗೆ ಮಲಗೋ ಗಂಡಸ್ನ ಇವತ್ತೇ ನೋಡಿದ್ದು. ನಿಧಾನಕ್ಕೆ ಓಡ್ಸಪ್ಪ, ಎದ್ದುಬುಟ್ಟಾರು."

೪. ಟಾರ್ಚಿನ ಮಂಗಳಾರತಿ

ಕಮ್ಮಾರನೊಬ್ಬ ಹಿತ್ತಿಲ ಶೆಡ್ಡಿನಲ್ಲಿಟ್ಟ ಬಾಯ್ಲರ್‌ನ ಒಂದು ತುದಿಗೆ ಬಾಗಿಲು ಮಾಡಿಕೊಟ್ಟ. ಮನೆಯ ಬಾಗಿಲಿನ ಹಾಗೆ ಒಳಕ್ಕೆ ತೆರೆಯುವ ಬಾಗಿಲು, ಅಂಚಿಗೆ ಲಾರಿ ಟ್ಯೂಬಿನ ರಬ್ಬರ್. ಡಾಕ್ಟರು ಅದನ್ನು ಬಂದ ಬಂದವರಿಗೆಲ್ಲ ವಿವರಿಸುತ್ತಿದ್ದರು. "ಇದಕ್ಕೆ ಚಿಲಕ ಬೇಡ. ಒತ್ತಡ ಏರಿತು ಅಂದ್ರೆ ಒಳಗಿನ ಗಾಳಿಯೇ ಬಾಗಿಲನ್ನ ಒತ್ತಿ ಹಿಡಿಯುತ್ತೆ. ಹತ್ತು ಜನ ಸೇರಿ ತಳ್ಳಿದರೂ ಒಳಕ್ಕೆ ಹೋಗಲ್ಲ!"

ಇನ್ನೊಂದು ತುದಿಗೆ ದಪ್ಪ ಗಾಜಿನ ಪುಟ್ಟ ಕಿಟಕಿ. ಅದರ ಪಕ್ಕದಲ್ಲೇ ಟೈರ್ ಅಂಗಡಿಯಿಂದ ತಂದ ಗಾಳಿ ಹೊಡೆಯುವ ಕಂಪ್ರೆಸರ್. ಅದರಿಂದ ಹೊರಟ ಪೈಪಿಗೆ ಒಂದು ಗೇಜು. ಗೇಜಿನ ಗಾಜಿನ ಮೇಲೆ ಡಾಕ್ಟರು ಕೆಂಪು ಬಣ್ಣದಲ್ಲಿ ಎರಡನೇ ಮಟ್ಟದ ಗೆರೆ ಬರೆದರು. ಪೈಪು ಬಾಗಿಲ ಬಳಿ ಬಾಯ್ಲರ್‌ನೊಳಗೆ ಹೋದ ಕಡೆ, ಒಳಬದಿಗೆ ಒಂದು ನಲ್ಲಿಯನ್ನೂ ಇಡಿಸಿದರು. ಒಳಗೆ ಮಲಗಿದವನಿಗೆ ಕಿವಿ ನೋವಾದರೆ ತಾನೇ ಕೈಯೆತ್ತಿ ಗಾಳಿ ಕಡಿಮೆ ಮಾಡಿಕೊಳ್ಳಲಿ ಎಂದು. ಅವರದು ಯಾವಾಗಲೂ ತಾಯಿ ಕರುಳು.

ಆಕ್ಸಿಜನ್ ಸಿಲಿಂಡರ್ ಬೆಂಗಳೂರಿನಿಂದ ರೈಲಿನಲ್ಲಿ ಬಂತು. ಅಂದಿನಿಂದ ಡಾಕ್ಟರು ಶೆಡ್ಡಿನ ಹತ್ತಿರ ಬೆಂಕಿ ಸುಳಿಯಕೂಡದು ಎಂದು ಆಜ್ಞೆ ಮಾಡಿದರು. ಬೀಡಿ ಇಲ್ಲ, ಊದುಬತ್ತಿ ಇಲ್ಲ, ಕರ್ಪೂರ ಇಲ್ಲ. ಆದರೆ ನಮ್ಮ ಕಡೆ ಹೊಲಿಗೆ ಮಿಷನ್ನಿಗೂ ಪೂಜೆ ಮಾಡದೆ ಕಾಲಿಡುವುದಿಲ್ಲ. ಡ್ರೈವರ್‌ನ ಹೆಂಡತಿಯಂತೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಪೂಜೆ ಇಲ್ದೆ ನಮ್ಮೋರು ಇದರೊಳಕ್ಕೆ ಹೋಗಾಕಿಲ್ಲ ಸ್ವಾಮಿ."

ಪೂಜಾರಿ ಬಂದರು. ಅರಿಸಿನ ಆಯಿತು, ಕುಂಕುಮ ಆಯಿತು, ತೆಂಗಿನಕಾಯಿ ಆಯಿತು. ಕರ್ಪೂರಕ್ಕೆ ಕೈ ಹಾಕಿದಾಗ ಡಾಕ್ಟರು ಓಡಿ ಬಂದು ಕೈ ಹಿಡಿದುಕೊಂಡರು.

"ಜ್ಯೋತಿ ಇಲ್ಲದೆ ಪೂಜೆ ಹೇಗೆ ಮುಗಿಯುತ್ತೆ ಸ್ವಾಮಿ?"

"ಜ್ಯೋತಿ ಹಚ್ಚಿದರೆ ನಾವೆಲ್ಲ ಮುಗೀತೀವಿ."

ಕೊನೆಗೆ ಡಾಕ್ಟರು ತಮ್ಮ ಕಪ್ಪು ಚೀಲದಿಂದ ಗಂಟಲು ನೋಡುವ ಟಾರ್ಚು ತೆಗೆದು ಪೂಜಾರಿಗೆ ಕೊಟ್ಟರು. ಪೂಜಾರಿ ಒಂದು ನಿಮಿಷ ಯೋಚಿಸಿದರು. ಆಮೇಲೆ ಗುಂಡಿ ಒತ್ತಿ, ಗಂಟೆ ಬಾರಿಸುತ್ತ, ಬಾಯ್ಲರ್‌ಗೆ ಮೂರು ಸುತ್ತು ಬೆಳಗಿದರು. ತಟ್ಟೆಯಲ್ಲಿ ಟಾರ್ಚಿಟ್ಟುಕೊಂಡು ಎಲ್ಲರ ಮುಂದೆ ಬಂದರು. ನಾವೂ ಅದರ ಬೆಳಕಿನ ಮೇಲೆ ಅಂಗೈಯಿಟ್ಟು ಕಣ್ಣಿಗೊತ್ತಿಕೊಂಡೆವು. ಅಂಗೈಯ ಅಂಚೆಲ್ಲ ದಾಸವಾಳದ ಹಾಗೆ ಕೆಂಪಾಗಿ ಹೊಳೆಯಿತು. ಒಂದು ಕ್ಷಣ ನನಗೆ ನಿಜವಾಗಿಯೂ ಭಕ್ತಿ ಬಂತು.

ಅಷ್ಟರಲ್ಲಿ ಡಾಕ್ಟರು ಹಿಂದಿನಿಂದ, "ಬೇಗ ಬೇಗ ತಗೊಳ್ರಪ್ಪಾ, ಸೆಲ್ಲು ಇಳೀತಾ ಇದೆ, ನಾಳೆ ಗಂಟಲು ನೋಡಬೇಕು," ಎಂದು ಕೂಗಿದರು.

೫. ಮೇಕೆ ಹೋಗಿ ಬಂದದ್ದು

ಮನುಷ್ಯನಿಗಿಂತ ಮೊದಲು ಒಂದು ಪ್ರಾಣಿ ಹೋಗಿ ಬರಲಿ ಎಂದಾಯಿತು. ಡ್ರೈವರ್‌ನ ಹೆಂಡತಿ ಬ್ರಹ್ಮಸಮುದ್ರದ ತವರಿನಿಂದ ಒಂದು ಮೇಕೆ ತಂದಳು. ಅದು ಗಂಡನ ಬಸ್ಸಿನ ಟಾಪಿನ ಮೇಲೆಯೇ ಕೂತು ಬಂತು. "ಇದಕ್ಕೇನಾರ ಆದ್ರೆ ನಮ್ಮೋರ್ನ ಕಳ್ಸಾಕಿಲ್ಲ," ಎಂದು ಮೊದಲೇ ಹೇಳಿದಳು.

ಮೇಕೆಯ ಮುಂದೆ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ಹಾಕಿ ಬಾಗಿಲೆಳೆದರು. ಕಂಪ್ರೆಸರ್ ಡುಗುಡುಗು ಎಂದಿತು. ಬೇವಿನ ಮರದ ಕಾಗೆಗಳು ಹಾರಿದವು. ಗೇಜಿನ ಮುಳ್ಳು ಮೆಲ್ಲಗೆ, ನಿದ್ದೆಗಣ್ಣಲ್ಲಿ ಎದ್ದವರ ಹಾಗೆ, ಕೆಂಪು ಗೆರೆಯ ಕಡೆ ನಡೆದು ಬಂತು. ಡಾಕ್ಟರು ಕಿಟಕಿಗೆ ಮುಖ ಅಂಟಿಸಿ, "ಆರಾಳುದ್ದ! ಮೇಕೆ ಈಗ ಆರಾಳುದ್ದದ ಕೆಳಗಿದೆ!" ಎಂದು ಪಿಸುಗುಟ್ಟಿದರು.

ಮೇಕೆ ಮೇಯುತ್ತಿತ್ತು. ಅದು ಜಗಿದು ನುಂಗುತ್ತಿರುವುದರಿಂದಲೇ ಕಿವಿ ನೋಯುತ್ತಿಲ್ಲ ಎಂದು ಡಾಕ್ಟರಿಗೆ ಹೊಳೆಯಿತು. ಒತ್ತಡ ಏರುವಾಗ ನುಂಗುತ್ತಿದ್ದರೆ ಕಿವಿ ಬಿಟ್ಟುಕೊಳ್ಳುತ್ತದಂತೆ. "ಡ್ರೈವರ್‌ಗೆ ಎಲೆಅಡಿಕೆ ಕೊಡೋಣ," ಎಂದು ಅಲ್ಲೇ ತೀರ್ಮಾನಿಸಿದರು.

ಆಮೇಲೆ ಟೈರ್ ಅಂಗಡಿಯ ನಾಲ್ಕು ಜನ ಸೇರಿ ಬಾಗಿಲನ್ನು ತಳ್ಳಿ ನೋಡಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಡಾಕ್ಟರು ಮದುವೆಮನೆಯ ಯಜಮಾನನ ಹಾಗೆ ಎಲ್ಲರ ಮುಖ ನೋಡಿದರು. ನಿಧಾನವಾಗಿ ಗಾಳಿ ಬಿಟ್ಟು, ಬಾಗಿಲು ತೆಗೆದಾಗ ಮೇಕೆ ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಹೊರಗೆ ಮಾತ್ರ ಬರಲೊಲ್ಲದು. ಎಳೆದರು, ತಳ್ಳಿದರು, ಸೊಪ್ಪು ತೋರಿಸಿದರು. ಕೊಂಬು ಬಾಗಿಸಿ ಇನ್ನೂ ಒಳಕ್ಕೆ ಸರಿಯಿತು.

ಡಾಕ್ಟರಿಗೆ ಗಾಬರಿಯಾಯಿತು. "ಒತ್ತಡ ತಲೆಗೇರಿರಬೇಕು," ಎಂದರು.

ಡ್ರೈವರ್‌ನ ಹೆಂಡತಿ ನಕ್ಕಳು. "ಏನೂ ಇಲ್ಲ ಸ್ವಾಮಿ. ನಮ್ಮನೇಲಿ ಹನ್ನೆಲ್ಡು ಮೇಕೆ ಅವೆ. ಬಾಗ್ಲು ಹಾಕ್ಕಂಡು ಒಬ್ಳೇ ಉಂಡಿದ್ದು ಇದೇ ಮೊದ್ಲು. ನಾನಾಗಿದ್ರೂ ಬತ್ತಿರ್ಲಿಲ್ಲ."

೬. ಟವೆಲಿನ ಕೆಳಗೆ

ಡ್ರೈವರ್‌ನ ಚಿಕಿತ್ಸೆ ಶುರುವಾದ ಮೇಲೆ ಊರಲ್ಲಿ ಅದೇ ಮಾತು. ಬೆಲ್ಲದ ಮಂಡಿಯ ಸಾಹುಕಾರರೊಬ್ಬರು ಮೊಣಕಾಲು ನೋವೆಂದು ಬಂದರು. "ಡ್ರೈವರ್‌ಗೆ ಎಷ್ಟು ಕೊಡ್ತಾ ಇದೀರಿ ಡಾಕ್ಟರ್‌ಗಾರೂ?"

"ಎರಡು."

"ಡ್ರೈವರ್‌ಗೇ ಎರಡು ಅಂದ್ರೆ ನಂಗೆ?"

"ನಿಮಗೆ ಯಾವುದೂ ಬೇಡ. ನಡೆದಾಡಿ, ಸಾಕು."

ಮಂಡಿಯವರಿಗೆ "ಬೇಡ" ಎಂಬುದು ವ್ಯಾಪಾರದ ಮೊದಲ ಮಾತು. ಅವರು ಹೆಗಲ ಟವೆಲ್ ತೆಗೆದು ಡಾಕ್ಟರ ಕೈಮೇಲೆ ಹೊದಿಸಿದರು. ಅಲ್ಲಿ ಬೆಲ್ಲದ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದಷ್ಟು ಬೆರಳೇ ದರ. ಸಾಹುಕಾರರು ಡಾಕ್ಟರ ಮೂರು ಬೆರಳು ಹಿಡಿದು ಹುಬ್ಬು ಕುಣಿಸಿದರು. ನಮ್ಮ ಡಾಕ್ಟರಿಗೆ ಇದ್ಯಾವುದೂ ಗೊತ್ತಿಲ್ಲ. ಪಾಪ, ಪ್ರೀತಿಯಿಂದ ಕೈ ಹಿಡಿದಿದ್ದಾರೆ ಎಂದುಕೊಂಡು ತಾವೂ ಅವರ ಐದೂ ಬೆರಳನ್ನು ಗಟ್ಟಿಯಾಗಿ ಅಮುಕಿದರು.

ಸಾಹುಕಾರರ ಮುಖ ಬಿಳಿಚಿತು. ಡಾಕ್ಟರ ಬಾವಿಗಳ ಲೆಕ್ಕ ಅವರೂ ಕೇಳಿದ್ದರು. ಒಂದರ ಮೇಲೊಂದು ನಾಲ್ಕು ಬಾವಿ! ಟವೆಲ್ ಕಿತ್ತುಕೊಂಡು ಎದ್ದವರು ಮೊಣಕಾಲು ನೋವನ್ನೂ ಮರೆತು ಬೀದಿಯ ಕೊನೆಯವರೆಗೆ ಓಡಿದರು. ಡಾಕ್ಟರು ಬಾಗಿಲಲ್ಲಿ ನಿಂತು, "ನೋಡಮ್ಮ, ನಡೆದಾಡಿ ಅಂದೆ, ಈಗಲೇ ಶುರು ಮಾಡಿಬಿಟ್ಟರು. ಒಳ್ಳೆ ರೋಗಿ," ಎಂದರು.

೭. ಬಾಗಿಲು

ಇನ್ನು ಡ್ರೈವರ್‌ನ ವಿಷಯ. ಗಂಡ ಹೆಂಡತಿ ಇಬ್ಬರಿಗೂ ನಮ್ಮಲ್ಲೇ ಒಂದು ಕೋಣೆ ಕೊಟ್ಟಿದ್ದೆವು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅವನನ್ನು ಸ್ಟ್ರೆಚರ್‌ನಲ್ಲಿ ಹೊತ್ತು ತಂದು, ಬಾಯಿಗೆ ಎಲೆಅಡಿಕೆ, ಮೂಗಿಗೆ ಆಕ್ಸಿಜನ್ ಕೊಟ್ಟು, ಬಾಯ್ಲರ್‌ನೊಳಗೆ ಮಲಗಿಸುತ್ತಿದ್ದೆವು. ತಲೆ ಬಾಗಿಲ ಕಡೆ, ಕಾಲು ಕಿಟಕಿಯ ಕಡೆ. ಕಿಟಕಿಯಿಂದ ಕಾಲು ಮಾತ್ರ ಕಾಣುತ್ತಿತ್ತು, ನಮಗೆ ಬೇಕಾದ್ದೂ ಕಾಲೇ. ಡಾಕ್ಟರು ಗೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಮುಳ್ಳು ಕೆಂಪು ಗೆರೆಗೆ ಬಂದು ನಿಂತರೆ ಅವರ ಮುಖದಲ್ಲಿ ಹುಣ್ಣಿಮೆ. ಕಂಪ್ರೆಸರ್‌ನ ಜೋಗುಳಕ್ಕೆ ನಾನು ತೂಕಡಿಸುತ್ತಿದ್ದೆ. ಬೇವಿನ ಹೂ ಮಡಿಲಿಗೆ ಉದುರುತ್ತಿದ್ದವು.

"ಕಬ್ಬಿಣದೊಳಗೆ ಮಲಗಿದ್ರೆ ಉಷ್ಣ ಆಯ್ತದೆ ಸ್ವಾಮಿ, ಮಜ್ಜಿಗೆ ಕೊಡ್ಲಾ?" ಎಂದು ಹೆಂಡತಿ ಮೊದಲ ದಿನವೇ ಕೇಳಿದ್ದಳು. "ಒತ್ತಡ ಇರುವಾಗ ಬಾಗಿಲ ತಂಟೆಗೇ ಹೋಗಬೇಡ ತಾಯಿ," ಎಂದು ಡಾಕ್ಟರು ಗದರಿದ್ದರು. ಅವಳು ಮತ್ತೆ ಕೇಳಿರಲಿಲ್ಲ.

ಹೊರಗೆ ಬಂದ ಮೇಲೆ ಡ್ರೈವರ್ ತನ್ನ ಕನಸು ಹೇಳುತ್ತಿದ್ದ. "ನೀರೊಳಗೆ ಬಸ್ ಓಡಿಸ್ತಿದ್ದೆ ಸಾರ್. ಹಾರನ್ ಹೊಡುದ್ರೆ ಬರೀ ಗುಳ್ಳೆ. ಒಂದು ಆಮೆ ಕೈ ಅಡ್ಡ ಹಾಕ್ತು, ಕಲ್ಯಾಣದುರ್ಗಕ್ಕೆ ಟಿಕೆಟ್ ಕೇಳ್ತು." ಡಾಕ್ಟರು ಕಣ್ಣು ಅರಳಿಸಿ ನನಗೆ ಹೇಳುತ್ತಿದ್ದರು: "ಕೇಳಿದೆಯಾ? ಎರಡನೇ ಮಟ್ಟದ ಲಕ್ಷಣ!"

ಗಾಯ ಕೂಡತೊಡಗಿತು. ಮೊದಲು ನನಗೆ ನಂಬಿಕೆಯಾಗಲಿಲ್ಲ. ಬ್ಯಾಂಡೇಜು ಬಿಚ್ಚಿದಾಗಲೆಲ್ಲ ಅಂಚಿನಿಂದ ಹೊಸ ಚರ್ಮ, ಎಳೆಯ ಮಾವಿನ ಚಿಗುರಿನ ಬಣ್ಣದ್ದು, ಒಳಕ್ಕೆ ಹಬ್ಬುತ್ತಿತ್ತು. ಯುಗಾದಿಗೆ ಮುಂಚೆಯೇ ಪೂರ್ತಿ ಮಾಯಿತು. ಹೆಂಡತಿ ಆ ಪಾದವನ್ನು ಕಣ್ಣಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ. ಡ್ರೈವರ್ ಮಾತ್ರ ಬಸ್ ಸ್ಟ್ಯಾಂಡಿನ ಕಡೆಯೇ ನೋಡುತ್ತಿದ್ದ.

ಸುದ್ದಿ ಅನಂತಪುರದ ಸರ್ಜನ್‌ಗೆ ಮುಟ್ಟಿ, ಅವರು ಕಾರು ಮಾಡಿಕೊಂಡು ನೋಡಲು ಬಂದರು. ಪಾದವನ್ನು ತಿರುಗಿಸಿ ಮುರುಗಿಸಿ ನೋಡಿದರು, ಬೆರಳಿಂದ ಒತ್ತಿದರು. "ಕಾಲು ತೆಗೀಬೇಕು ಅಂದೋನು ನಾನೇ. ಈಗ ನಂಬೋಕಾಗ್ತಿಲ್ಲ. ಆ ಮಿಷನ್ ತೋರಿಸಿ," ಎಂದರು.

ನಮ್ಮ ಡಾಕ್ಟರ ಜೀವನದ ದಿನ ಅದು. ಡ್ರೈವರ್‌ನನ್ನು ಎಂದಿನಂತೆ ಒಳಗೆ ಮಲಗಿಸಿದರು. ಕಂಪ್ರೆಸರ್ ಡುಗುಡುಗು ಎಂದಿತು. ಮುಳ್ಳು ಕೆಂಪು ಗೆರೆಗೆ ಬಂದು ನಿಂತಿತು. ಡಾಕ್ಟರು ಒಂದನೇ ಮಟ್ಟ, ಎರಡನೇ ಮಟ್ಟ, ಆರಾಳುದ್ದದ ಬಾವಿ, ಎಲ್ಲವನ್ನೂ ಹೇಳಿದರು. ಕೊನೆಗೆ, "ಈಗ ಬನ್ನಿ ಸಾರ್, ಬಾಗಿಲ ಕಡೆ. ಹತ್ತು ಜನ ತಳ್ಳಿದರೂ ಅಲುಗಲ್ಲ. ನೀವೇ ತಳ್ಳಿ ನೋಡಿ," ಎಂದು ಶೆಡ್ಡಿನ ಹಿಂಬದಿಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

ಬಾಗಿಲು ತೆರೆದಿತ್ತು. ಬಾಯ್ಲರ್‌ನಿಂದ ಒಂದು ಹಸಿರು ಸೀರೆಯ ಅರ್ಧಭಾಗವೂ ಎರಡು ಕಾಲೂ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಡ್ರೈವರ್‌ನ ಹೆಂಡತಿಯ ದನಿ ಬರುತ್ತಿತ್ತು: "ಇನ್ನೊಂದು ಗುಟುಕು ಕುಡಿ. ಕರಿಬೇವು ಹಾಕೀನಿ."

ಡಾಕ್ಟರು ಕಂಬವಾದರು. ಅವಳು ಹಿಂದಕ್ಕೆ ಸರಿದು, ಚೊಂಬು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಲು ನೋಡಿದಳು. ಆಗಲಿಲ್ಲ.

"ನೀ... ನೀನು ಬಾಗಿಲು ಹೇಗೆ ತೆಗೆದೆ?"

"ತಳ್ಳಿದೆ ಸ್ವಾಮಿ."

"ಯಾವತ್ತಿಂದ?"

"ದಿನಾ ಇದೇ ಹೊತ್ಗೆ ಬತ್ತೀನಿ. ಬೈಬ್ಯಾಡಿ. ನಮ್ಮೋರ್ಗೆ ಉಷ್ಣ ತಡ್ಯಾಕಿಲ್ಲ. ಕೊಟ್ಟು, ಉಸ್ರು ಕಟ್ಟದಿರ್ಲಿ ಅಂತ ಬಾಗ್ಲು ಒಂದೀಟು ಓರೆ ಮಾಡಿ ಹೋಯ್ತೀನಿ."

"ಸಾಧ್ಯವೇ ಇಲ್ಲ! ಗೇಜು ಎರಡು ತೋರಿಸ್ತಾ ಇದೆ!"

ಆಗ ಒಳಗಿನಿಂದ ಡ್ರೈವರ್ ತಲೆಯೆತ್ತಿದ. ಮೀಸೆಯ ಮೇಲೆ ಮಜ್ಜಿಗೆ. "ಸಾರ್, ಆ ನಲ್ಲಿ ನಾನು ಮೊದಲ್ನೇ ದಿನಾನೇ ತಿರುವಿ ಮುಚ್ಬುಟ್ಟೆ. ಗಾಳಿ ಬುಸ್ಸಂತ ಕಿವಿಗೇ ಹೊಡೀತಿತ್ತು, ನಿದ್ದೆ ಬತ್ತಿರ್ಲಿಲ್ಲ. ಬೇಕಾದ್ರೆ ತಿರುಗ್ಸಿಕೋ ಅಂತ ನೀವೇ ಹೇಳಿದ್ರಲ್ಲ?"

ಅಂದರೆ ಒತ್ತಡವೆಲ್ಲ ಪೈಪಿನಲ್ಲೇ ನಿಂತಿತ್ತು, ಗೇಜೂ ಪೈಪಿನ ಮೇಲೇ ಇತ್ತು. ಇಡೀ ಸೀಮೆಯಲ್ಲಿ ಎರಡನೇ ಮಟ್ಟಕ್ಕೆ ಹೋಗಿ ಬಂದ ಜೀವ ಒಂದೇ, ಅದು ಬ್ರಹ್ಮಸಮುದ್ರದ ಮೇಕೆ.

ಸರ್ಜನ್ ನಗಲಿಲ್ಲ. ದೊಡ್ಡ ಮನುಷ್ಯರು. ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು: "ಈ ದಿನಗಳಲ್ಲಿ ಇವನು ಕಾಲೂರಿ ನಡೆದಿದ್ದನೇನಮ್ಮ?"

"ಇಲ್ಲ ಸಾರ್. ಹೊತ್ತು ತಂದು ಹೊತ್ತೊಯ್ತಿದ್ವಿ. ನಡೆದರೆ ಒತ್ತಡ ವ್ಯರ್ಥವಾಗುತ್ತೆ ಅಂತ ಡಾಕ್ಟ್ರು ಹೇಳಿದ್ದಕ್ಕೆ ಅವನೂ ಹೆದರಿ ಸುಮ್ಮನಿದ್ದ."

"ಬಸ್ಸು?"

"ಮುಟ್ಟಿಲ್ಲ."

"ಮತ್ತೇನು," ಎಂದು ಅವರು ನಮ್ಮ ಡಾಕ್ಟರ ಹೆಗಲ ಮೇಲೆ ಕೈಯಿಟ್ಟರು. "ಇವನ ಕಾಲಿಗೆ ಬೇಕಾದ್ದು ಅದೊಂದೇ. ನಾವೆಲ್ಲ ಬಾಯಲ್ಲಿ ಹೇಳಿದ್ವಿ. ನೀವು ಮಲಗಿಸಿದ್ರಿ." ಕೈಮುಗಿದು ಕಾರು ಹತ್ತಿದರು.

ಯಾರೋ ಕಂಪ್ರೆಸರ್ ನಿಲ್ಲಿಸಿದರು. ಹಿತ್ತಿಲು ಒಮ್ಮೆಲೇ ನಿಶ್ಶಬ್ದವಾಯಿತು. ಬೇವಿನ ಹೂ ಉದುರುವುದು ಕೂಡ ಕೇಳಿಸುವಂತಿತ್ತು. ಡ್ರೈವರ್ ಬಾಯ್ಲರ್‌ನಿಂದ ಇಳಿದು, ಎಷ್ಟೋ ದಿನಗಳ ಮೇಲೆ ಮೊದಲ ಸಲ ಎಡಗಾಲನ್ನು ನೆಲಕ್ಕೂರಿ ನಿಂತ. ಮೆಲ್ಲಗೆ ಒತ್ತಿ ನೋಡಿದ, ಕ್ಲಚ್ ಒತ್ತುವವನ ಹಾಗೆ. ನೋಯಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಆದರೆ ಡಾಕ್ಟರ ಮುಖ ನೋಡಿ ಸಂತೋಷ ತೋರಿಸಲೋ ಬೇಡವೋ ಎಂದು ತಿಳಿಯದೆ ತಲೆ ಬಗ್ಗಿಸಿದ.

ಡಾಕ್ಟರು ಆ ಪಾದವನ್ನು ನೋಡಿದರು. ಕೆಂಪು ಗೆರೆಯ ಗೇಜಿನ ಕಡೆ ನೋಡಿದರು. ಬೊಂಬಾಯಿ, ಸಮುದ್ರ, ಆರಾಳುದ್ದ ಎಲ್ಲವೂ ಅವರ ಕಣ್ಣಿಂದ ಇಳಿದುಹೋಗುವುದನ್ನು ನಾನು ನಿಂತು ನೋಡಿದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಚಪ್ಪಲಿ ಬಿಟ್ಟು, ಕೋಟು ಸಮೇತ ಬಾಯ್ಲರ್‌ನೊಳಗೆ ಹೋಗಿ, ಅಂಗಾತ ಮಲಗಿ, ಒಳಗಿನಿಂದಲೇ ಬಾಗಿಲನ್ನು ತಳ್ಳಿ ಓರೆ ಮಾಡಿಕೊಂಡರು.

ಅಳುತ್ತಿದ್ದಾರೋ ಏನೋ ಎಂದು ನಾನು ಹತ್ತಿರ ಹೋಗಿ ಕಬ್ಬಿಣಕ್ಕೆ ಕಿವಿಯಿಟ್ಟೆ.

ಒಳಗಿನಿಂದ, ಬಾವಿಯ ತಳದಿಂದ ಬಂದಂತೆ, ಡಾಕ್ಟರ ದನಿ ಬಂತು: "ಚೊಂಬಿನಲ್ಲಿ ಇನ್ನೂ ಏನಾದರೂ ಉಳಿದಿದೆಯಾ ತಾಯೀ?"